ಪಡಿಯಚ್ಚು ಮತ್ತು ಪರದೆ: ಮಸ್ಕಿಯ ಅಶೋಕಶಾಸನವನ್ನು ತರಗತಿಯಲ್ಲಿ ತೋರಿಸುವಾಗ ಒದಗುವ ದೃಶ್ಯದೋಷಗಳ ವಿಚಾರ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿಯು ಇದೆ. ಬಹುಕಾಲ ಲಿಂಗಸುಗೂರು ತಾಲೂಕಿಗೆ ಸೇರಿದ್ದು, ಈಚೆಗೆ ತಾನೇ ಒಂದು ತಾಲೂಕಾಗಿರುವ ಈ ಊರಿನ ಹೆಸರು ಭಾರತದ ಪ್ರಾಚೀನ ಇತಿಹಾಸವನ್ನು ಓದಿದವರೆಲ್ಲರಿಗೂ ಪರಿಚಿತವಾದುದು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರರು ಈ ಸೀಮೆಯಲ್ಲಿ ಚಿನ್ನದ ನಿಕ್ಷೇಪಗಳನ್ನು ಹುಡುಕುತ್ತಿದ್ದಾಗ ಇಲ್ಲಿಯ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮೀ ಲಿಪಿಯ ಶಾಸನವನ್ನು ಕಂಡರು. ಅದಕ್ಕೆ ಒಂದು ವರ್ಷದ ಹಿಂದೆಯಷ್ಟೇ, 1914ರಲ್ಲಿ, ನಿಜಾಮ್ ಸರ್ಕಾರವು ತನ್ನ ಪುರಾತತ್ತ್ವ ಇಲಾಖೆಯನ್ನು ಸ್ಥಾಪಿಸಿತ್ತು. ಆ ಇಲಾಖೆಯ ಗ್ರಂಥಮಾಲೆಯ ಮೊದಲನೆಯ ಪ್ರಕಟಣೆಯಾಗಿ ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿದ ಮಸ್ಕಿಶಾಸನವು ಅದೇ 1915ರಲ್ಲಿ ಹೊರಬಿದ್ದಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಂದಿನಿಂದ ಶಾಸನಗಳ 'ದೇವಾನಾಂಪಿಯ ಪಿಯದಸಿ'ಯು ಯಾರೆಂಬ ಪ್ರಶ್ನೆಯಿದ್ದಿತು. ಸಿಂಹಳದ ಗ್ರಂಥಗಳ ಆಧಾರದಿಂದ ಜಾರ್ಜ್ ಟರ್ನರ್ ಅವನನ್ನು ಅಶೋಕನೆಂದು ಗುರುತಿಸಿದ್ದರು. 1892ರಲ್ಲಿ ಬಿ. ಎಲ್. ರೈಸರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಕಂಡುಹಿಡಿದ ಶಾಸನಗಳಲ್ಲಿಯೂ ಬಿರುದಿತ್ತೇ ಹೊರತು ಹೆಸರಿರಲಿಲ್ಲ. ಮಸ್ಕಿಯ ಬಂಡೆಯ ಮೊದಲನೆಯ ಸಾಲಿನಲ್ಲಿ ಬಿರುದಿನ ಬೆನ್ನಿಗೇ 'ಅಸೋಕಸ' ಎಂಬ ಪದವು ದೊರೆತು, ಎಪ್ಪತ್ತೆಂಟು ವರ್ಷಗಳ ಊಹೆಗೆ ಕಲ್ಲಿನ ಸಾಕ್ಷ್ಯವು ಒದಗಿತು. ಅನಂತರ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉದೇಗೊಳಂಗಳಲ್ಲಿಯೂ ಈ ಹೆಸರು ದೊರೆತಿದೆಯಾದರೂ, ಮೊದಲಿಗನೆಂಬ ಗೌರವವು ಮಸ್ಕಿಗೇ ಸಲ್ಲುತ್ತದೆ.

ನಾಲ್ಕು ಅಕ್ಷರಗಳ ಈ ಒಂದು ಪದವನ್ನು ವಿದ್ಯಾರ್ಥಿಯು ಇಂದು ಎಲ್ಲಿ ನೋಡುತ್ತಾನೆ? ಮಸ್ಕಿಯ ಹುಡುಗನಿಗೆ ಗುಡ್ಡವು ನಡೆದು ಹೋಗುವಷ್ಟು ಹತ್ತಿರ. ಸಿಂಧನೂರು, ಲಿಂಗಸುಗೂರುಗಳ ವಿದ್ಯಾರ್ಥಿಗೂ ದೂರವೇನಲ್ಲ. ಆದರೂ ಲಿಪಿಯ ಪಾಠವು ನಡೆಯುವುದು ಬಹುಮಟ್ಟಿಗೆ ತರಗತಿಯೊಳಗೆ. ಅಧ್ಯಾಪಕನ ಲ್ಯಾಪ್‌ಟಾಪಿಗೆ ಹೊರಗಿನಿಂದ ಜೋಡಿಸಿದ ಮಾನಿಟರ್, ಟಿ.ವಿ. ಅಥವಾ ಪ್ರೊಜೆಕ್ಟರಿನ ಮೇಲೆ. ಇವೆಲ್ಲವನ್ನೂ ಈ ಲೇಖನದಲ್ಲಿ 'ಹೊರಪರದೆ' ಎಂಬ ಒಂದೇ ಮಾತಿನಿಂದ ಸೂಚಿಸುತ್ತೇವೆ. ಹೊರಪರದೆಯು ಮೊಂಡು ಹಿಡಿದು ಕಪ್ಪಾಗಿ ಕುಳಿತರೆ ಎಲ್ಲರಿಗೂ ಗೊತ್ತಾಗುತ್ತದೆ. ಯಾರನ್ನಾದರೂ ಕರೆಸಿ ಸರಿಪಡಿಸುತ್ತಾರೆ. ಆದರೆ ಚಿತ್ರವು ಮೂಡಿ, ಅದು ಮೂಲಕ್ಕಿಂತ ಸ್ವಲ್ಪ ಬೇರೆಯಾಗಿದ್ದಾಗ ಯಾರ ಗಮನಕ್ಕೂ ಬಾರದೆ ಪಾಠವು ಮುಂದುವರಿಯುತ್ತದೆ. ನಮ್ಮ ಮತದಲ್ಲಿ ಇತಿಹಾಸದ ಅಧ್ಯಾಪಕನಿಗೆ ಮೊದಲನೆಯ ದೋಷಕ್ಕಿಂತ ಎರಡನೆಯದೇ ಹೆಚ್ಚು ಅಪಾಯಕಾರಿ. ಹೊರಪರದೆಯು ಶಾಸನದ ಒಂದು ಪ್ರತಿ. ಪ್ರತಿಯನ್ನು ಪರೀಕ್ಷಿಸದೆ ಪಾಠವನ್ನು ನಿರ್ಣಯಿಸಬಾರದೆಂಬುದು ನಮ್ಮ ಶಾಸ್ತ್ರದ ಹಳೆಯ ನಿಯಮ.

ಶಾಸನದ ಪ್ರತಿಯು ಮೊದಲು ತಯಾರಾಗುವುದು ಕಾಗದದ ಮೇಲೆ. ಬಂಡೆಯನ್ನು ತೊಳೆದು, ತೇವಗೊಳಿಸಿದ ಕಾಗದವನ್ನು ಹೊದಿಸಿ, ಬ್ರಷ್ಷಿನಿಂದ ತಟ್ಟಿ ಅಕ್ಷರದ ಕುಳಿಗಳೊಳಕ್ಕೆ ಇಳಿಸಿ, ಮೇಲೆ ಮಸಿಯ ಚೆಂಡನ್ನು ಒತ್ತಿದರೆ ನೆಲವು ಕಪ್ಪಾಗಿಯೂ ಅಕ್ಷರಗಳು ಬೆಳ್ಳಗೂ ಮೂಡುತ್ತವೆ. ಇದೇ ಪಡಿಯಚ್ಚು. ಇದರಲ್ಲಿ ಎರಡು ಗುಣಗಳಿವೆ: ಇದು ಕಲ್ಲಿನಷ್ಟೇ ಅಳತೆಯದು, ಮತ್ತು ಕಲ್ಲಿಗೂ ಇದಕ್ಕೂ ನಡುವೆ ಬೇರೊಂದು ಯಂತ್ರವಿಲ್ಲ. ದೋಷವೂ ಉಂಟು. ಕಲ್ಲಿನ ಸ್ವಾಭಾವಿಕವಾದ ಬಿರುಕು, ಚಕ್ಕೆ ಎದ್ದ ಕುಳಿ ಇವೂ ಬೆಳ್ಳಗೆ ಮೂಡಿ ಅಕ್ಷರದ ಅಂಗಗಳಂತೆ ತೋರುತ್ತವೆ. ಅನುಭವಿಯಾದ ಶಾಸನತಜ್ಞನು ಗೆರೆಯ ಅಂಚು, ಆಳ, ಕಪ್ಪಿನಿಂದ ಬಿಳಿಪಿಗೆ ಅದು ತಿರುಗುವ ಬಗೆ ಇವುಗಳನ್ನು ನೋಡಿ ಬಿರುಕು ಯಾವುದು, ಉಳಿಯ ಗೆರೆ ಯಾವುದು ಎಂದು ಬೇರ್ಪಡಿಸುತ್ತಾನೆ. ಈ ನಸುಬಣ್ಣದ ಭೇದವೇ ಓದಿನ ಪ್ರಾಣ. ಇದನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಪಡಿಯಚ್ಚಿನ ಛಾಯಾಚಿತ್ರ, ಅದರ ಸ್ಕ್ಯಾನ್, ಲ್ಯಾಪ್‌ಟಾಪಿನೊಳಗಿನ ಕಡತ, ಕೇಬಲ್, ಹೊರಪರದೆ ಎಂದು ಪ್ರತಿಯ ಮೇಲೆ ಪ್ರತಿಯಾಗುತ್ತ ಬರುವ ಈ ಪರಂಪರೆಯನ್ನು ಹಸ್ತಪ್ರತಿಗಳ ವಂಶವೃಕ್ಷದಂತೆಯೇ ನೋಡಬೇಕು. ತಪ್ಪು ಯಾವ ತಲೆಮಾರಿನಲ್ಲಿ ಸೇರಿತೆಂದು ಕಂಡುಕೊಳ್ಳುವುದು ಗ್ರಂಥಸಂಪಾದಕನ ಕೆಲಸ. ಹೊರಪರದೆಯ ದೋಷದಲ್ಲಿಯೂ ಪ್ರಶ್ನೆ ಅದೇ. ಲ್ಯಾಪ್‌ಟಾಪಿನ ಸ್ವಂತ ಪರದೆಯಲ್ಲಿ ಚಿತ್ರವು ಸರಿಯಾಗಿದ್ದು ಹೊರಪರದೆಯಲ್ಲಿ ಕೆಟ್ಟಿದ್ದರೆ ಕಡತವು ನಿರ್ದೋಷಿ. ಕೇಬಲನ್ನು ಮಾತ್ರ ಬದಲಾಯಿಸಿ ನೋಡಿದಾಗ ಸರಿಹೋದರೆ ತಪ್ಪು ಕೇಬಲಿನದು. ಅದೇ ಕೇಬಲ್ ಮತ್ತು ಅದೇ ಪರದೆಗೆ ಬೇರೊಂದು ಲ್ಯಾಪ್‌ಟಾಪನ್ನು ಜೋಡಿಸಿದಾಗ ಸರಿಹೋದರೆ ತಪ್ಪು ಮೊದಲನೆಯ ಲ್ಯಾಪ್‌ಟಾಪಿನದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಗಡಿಬಿಡಿಯಲ್ಲಿ ಕೇಬಲನ್ನೂ ಸಾಕೆಟನ್ನೂ ಮೆನುವನ್ನೂ ಒಟ್ಟಿಗೆ ಬದಲಿಸಿದವನಿಗೆ ಚಿತ್ರ ದೊರೆತರೂ ಕಾರಣ ದೊರೆಯುವುದಿಲ್ಲ. ನಾಳೆ ಅದೇ ತೊಡಕು ಬಂದಾಗ ಅವನು ನಿನ್ನೆಯಷ್ಟೇ ಅಜ್ಞಾನಿ.

ಚಿತ್ರವೇ ಮೂಡದ ಪ್ರಸಂಗವನ್ನು ಮೊದಲು ಮುಗಿಸೋಣ. ಇದಕ್ಕೆ ಕಾರಣವು ಸಾಕೆಟುಗಳ ಇತಿಹಾಸದಲ್ಲಿದೆ. ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರರು ಉತ್ಖನನ ನಡೆಸಿದಾಗ ಶಿಲಾತಾಮ್ರಯುಗದಿಂದ ಮಧ್ಯಯುಗದವರೆಗೆ ಒಂದರ ಮೇಲೊಂದು ನಾಲ್ಕು ಕಾಲಗಳ ಸ್ತರಗಳು ಕಂಡುಬಂದವು. ನಮ್ಮ ಸೀಮೆಯ ತರಗತಿಯ ಗೋಡೆಗಳಲ್ಲಿಯೂ ಇಂತಹ ಸ್ತರಗಳಿವೆ ಎಂದರೆ ಓದುಗರು ನಕ್ಕಾರು; ಆದರೆ ಮಾತು ಸುಳ್ಳಲ್ಲ. ಅತ್ಯಂತ ಕೆಳಗಿನ ಸ್ತರವು ವಿ.ಜಿ.ಎ. 1987ರಲ್ಲಿ ಐ.ಬಿ.ಎಂ. ಸಂಸ್ಥೆಯು ತನ್ನ ಪಿ.ಎಸ್./2 ಕಂಪ್ಯೂಟರುಗಳೊಡನೆ ತಂದ, ಮೂರು ಸಾಲುಗಳಲ್ಲಿ 15 ಪಿನ್ನುಗಳ ಈ ಸಾಕೆಟು ಇಂದಿಗೂ ಎಷ್ಟೋ ಪ್ರೊಜೆಕ್ಟರುಗಳ ಬೆನ್ನಿನಲ್ಲಿದೆ. ಅದರ ಮೇಲೆ 1999ರ ಡಿ.ವಿ.ಐ.; 2002ರ ಕೊನೆಯಲ್ಲಿ ಎಚ್.ಡಿ.ಎಂ.ಐ.; 2006ರಲ್ಲಿ ಡಿಸ್‌ಪ್ಲೇಪೋರ್ಟ್; 2014ರಲ್ಲಿ ಮೇಲು ಕೆಳಗೆಂಬ ಭೇದವಿಲ್ಲದೆ ಕೂರುವ ಪುಟ್ಟ ಯು.ಎಸ್.ಬಿ.-ಸಿ. ಡಿಸೆಂಬರ್ 2010ರಲ್ಲಿ ಇಂಟೆಲ್, ಎ.ಎಂ.ಡಿ. ಮತ್ತು ಕೆಲವು ದೊಡ್ಡ ತಯಾರಕರು 2015ರೊಳಗಾಗಿ ವಿ.ಜಿ.ಎ.ಯನ್ನು ಬಿಟ್ಟುಬಿಡುವುದಾಗಿ ಸಾರಿದರು. ಲ್ಯಾಪ್‌ಟಾಪುಗಳಿಂದ ಅದು ಮರೆಯಾಗುತ್ತ ಬಂದಿತು. ಚಾವಣಿಗೆ ಕಟ್ಟಿದ ಪ್ರೊಜೆಕ್ಟರುಗಳಿಂದ ಮರೆಯಾಗಲಿಲ್ಲ. ಹೊಸ ಸ್ತರದ ಯಂತ್ರವನ್ನು ಹಳೆಯ ಸ್ತರದ ಯಂತ್ರಕ್ಕೆ ಜೋಡಿಸುವುದೇ ನಮ್ಮ ಊರುಗಳ ಅಧ್ಯಾಪಕನ ನಿತ್ಯಕರ್ಮವಾಗಿದೆ.

ಇಲ್ಲಿ ಒಂದು ಭ್ರಮೆಯನ್ನು ಕಳೆಯಬೇಕು. ಎರಡು ತುದಿಗಳೂ ಸಾಕೆಟುಗಳಲ್ಲಿ ಕೂತುಬಿಟ್ಟರೆ ಕೇಬಲ್ ಕೆಲಸ ಮಾಡಲೇಬೇಕೆಂದಿಲ್ಲ. ವಿ.ಜಿ.ಎ.ಯಲ್ಲಿ ಚಿತ್ರವು ಏರಿಳಿಯುವ ವಿದ್ಯುತ್ತಿನ ಅಲೆಯಾಗಿ ಹರಿಯುತ್ತದೆ, ಎಚ್.ಡಿ.ಎಂ.ಐ.ಯಲ್ಲಿ ಅಂಕಿಗಳಾಗಿ ಹರಿಯುತ್ತದೆ. ಒಂದು ತುದಿಯಲ್ಲಿ ಎಚ್.ಡಿ.ಎಂ.ಐ., ಇನ್ನೊಂದು ತುದಿಯಲ್ಲಿ ವಿ.ಜಿ.ಎ. ಇರುವ ಬರಿಯ ತಂತಿಯು ಇವೆರಡರ ನಡುವೆ ಭಾಷಾಂತರ ಮಾಡಲಾರದು. ಒಳಗೆ ಪರಿವರ್ತಕ ಚಿಪ್ಪು ಇರುವ ಅಡಾಪ್ಟರೇ ಬೇಕು. ಅದಕ್ಕೂ ದಿಕ್ಕುಂಟು, ಎಚ್.ಡಿ.ಎಂ.ಐ.ಯಿಂದ ವಿ.ಜಿ.ಎ.ಗೆ ಹೋಗುವುದು ಹಿಂದಿರುಗಿ ಬಾರದು. ಯು.ಎಸ್.ಬಿ.-ಸಿ.ಯ ವಿಷಯವು ಇನ್ನೂ ಮೋಸಕರ. ನೋಡಲು ಒಂದೇ ಬಗೆಯ ಸಾಕೆಟು ಒಂದು ಲ್ಯಾಪ್‌ಟಾಪಿನಲ್ಲಿ ಚಿತ್ರವನ್ನು ಕಳುಹಿಸುತ್ತದೆ, ಮತ್ತೊಂದರಲ್ಲಿ ಚಾರ್ಜನ್ನೂ ಕಡತಗಳನ್ನೂ ಮಾತ್ರ ಸಾಗಿಸುತ್ತದೆ. ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟಿನ 'ಡಿ.ಪಿ.' ಗುರುತು ಅಥವಾ ಥಂಡರ್‌ಬೋಲ್ಟಿನ ಮಿಂಚಿನ ಗುರುತು ಇದೆಯೇ ಎಂದು ನೋಡಬೇಕು. ಗುರುತಿಲ್ಲದಿದ್ದರೆ ಯಂತ್ರದ ಕೈಪಿಡಿಯೇ ಪ್ರಮಾಣ.

ಸಾಕೆಟುಗಳು ಹೊಂದಿಕೊಂಡೂ 'ನೋ ಸಿಗ್ನಲ್' ಎಂದೇ ತೋರಿದರೆ, ಪರದೆಯು ಬೇರೊಂದು ಬಾಗಿಲನ್ನು ಕಾಯುತ್ತಿರುವುದುಂಟು. ರಿಮೋಟಿನಲ್ಲಿ 'ಇನ್‌ಪುಟ್' ಅಥವಾ 'ಸೋರ್ಸ್' ಒತ್ತಿ ಕೇಬಲ್ ಹಾಕಿದ ಸಾಕೆಟಿನ ಹೆಸರನ್ನೇ ಆರಿಸಬೇಕು. ಲ್ಯಾಪ್‌ಟಾಪಿನ ಕಡೆಯಲ್ಲಿ, ವಿಂಡೋಸ್ ಇರುವ ಯಂತ್ರದಲ್ಲಿ ವಿಂಡೋಸ್ ಕೀಲಿಯನ್ನೂ 'ಪಿ' ಅಕ್ಷರವನ್ನೂ ಒಟ್ಟಿಗೆ ಒತ್ತಿದರೆ ಚಿತ್ರವನ್ನು ಎಲ್ಲಿಗೆ ಕಳುಹಿಸಬೇಕೆಂಬ ಪಟ್ಟಿ ಬರುತ್ತದೆ. ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು 'ಬಿ' ಎಂಬ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಚಿತ್ರವನ್ನು ನಡೆಸುವ ಡ್ರೈವರ್ ಮರಳಿ ಶುರುವಾಗುತ್ತದೆ. ಒಂದು ಕ್ಷಣ ಪರದೆ ಕಪ್ಪಾಗಿ, ಕಳೆದುಹೋಗಿದ್ದ ಹೊರಪರದೆಯು ಹಲವು ವೇಳೆ ಮರಳಿ ಕಾಣುತ್ತದೆ. ಹೊಸದಾಗಿ ವಿಂಡೋಸ್ ಹಾಕಿಸಿದ ಯಂತ್ರದ ಡಿವೈಸ್ ಮ್ಯಾನೇಜರಿನಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂಬ ಹೆಸರಿದ್ದರೆ ತಯಾರಕರ ಡ್ರೈವರ್ ಇನ್ನೂ ಸೇರಿಲ್ಲವೆಂದರ್ಥ. ಅದನ್ನು ಸೇರಿಸುವವರೆಗೆ ಕೇಬಲನ್ನು ಎಷ್ಟು ಅಲುಗಾಡಿಸಿದರೂ ಫಲವಿಲ್ಲ. ಇಷ್ಟು ಸಾಕು. ಇವೆಲ್ಲವೂ ಕಣ್ಣಿಗೆ ಕಾಣುವ ತೊಂದರೆಗಳು.

ಕಾಣದವುಗಳ ಮೂಲವು ಬೇರೆ ಕಡೆಯಿದೆ. ಲ್ಯಾಪ್‌ಟಾಪು ಹೊರಪರದೆಗೆ ಸುಮ್ಮನೆ ಚಿತ್ರವನ್ನು ಸುರಿಯುತ್ತದೆ ಎಂದು ಜನರು ಭಾವಿಸುತ್ತಾರೆ. ಹಾಗಲ್ಲ; ಮೊದಲು ಅವೆರಡೂ ಮಾತನಾಡಿಕೊಳ್ಳುತ್ತವೆ. 1994ರಲ್ಲಿ ನಿಯಮಿಸಲ್ಪಟ್ಟ ಇ.ಡಿ.ಐ.ಡಿ. ಎಂಬ ಪದ್ಧತಿಯಂತೆ ಪ್ರತಿಯೊಂದು ಪರದೆಯೂ ತನ್ನ ತಯಾರಕರಾರು, ತಾನು ಎಷ್ಟು ಅಗಲ ಎಷ್ಟು ಎತ್ತರ, ಎಷ್ಟು ಚುಕ್ಕೆಗಳ ಚಿತ್ರವನ್ನು ತೋರಬಲ್ಲೆ ಎಂಬುದನ್ನು 128 ಬೈಟುಗಳ ಒಂದು ಚಿಕ್ಕ ಬರಹದಲ್ಲಿ ಇಟ್ಟುಕೊಂಡಿರುತ್ತದೆ. ರಾಯಭಾರಿಯ ಓಲೆಯಂತಹ ಈ ಬರಹವನ್ನು ಓದಿಯೇ ಲ್ಯಾಪ್‌ಟಾಪು ತನ್ನ ಚಿತ್ರದ ಅಳತೆಯನ್ನು ನಿರ್ಧರಿಸುವುದು. ವಿ.ಜಿ.ಎ. ಕೇಬಲಿನಲ್ಲಿ ಈ ಓಲೆಯು 12 ಮತ್ತು 15ನೆಯ ಪಿನ್ನುಗಳ ಮೂಲಕ ಬರುತ್ತದೆ. ಕೆಲವು ಅಗ್ಗದ ಕೇಬಲುಗಳಲ್ಲಿ ಈ ತಂತಿಗಳನ್ನು ಹಾಕಿರುವುದೇ ಇಲ್ಲ. ಬಗ್ಗಿದ ಪಿನ್ನು, ನಡುವೆ ಸೇರಿಸಿದ ಹಂಚುಪೆಟ್ಟಿಗೆ ಇವೂ ಓಲೆಯನ್ನು ತಡೆಯುತ್ತವೆ. ಆಗ ಎದುರಿಗಿರುವವರು ಯಾರೆಂದು ತಿಳಿಯದ ಲ್ಯಾಪ್‌ಟಾಪು ಎಲ್ಲ ಪರದೆಗಳಿಗೂ ಒಗ್ಗುವಂತಹ ಹಳೆಯ, ಕಿರಿದಾದ ಅಳತೆಯೊಂದನ್ನು ಕಳುಹಿಸುತ್ತದೆ: 1024×768, ಇಲ್ಲವೆ ಅದಕ್ಕೂ ಕಡಿಮೆ. ಪರದೆಯು ಅದನ್ನು ಎಳೆದು ತನ್ನ ಮೈತುಂಬ ಹರಡಿಕೊಳ್ಳುತ್ತದೆ.

ಎಳೆದುದರ ಪರಿಣಾಮವೇನೆಂಬುದನ್ನು ಮಸ್ಕಿಯ ಶಾಸನದಲ್ಲಿಯೇ ನೋಡೋಣ. 'ಅಸೋಕಸ' ಎಂಬ ಪದದ ಮೂರನೆಯ ಅಕ್ಷರವು 'ಕ'. ಅಶೋಕನ ಕಾಲದ ಬ್ರಾಹ್ಮಿಯಲ್ಲಿ ಕಕಾರವು ಗಣಿತದ ಕೂಡುಚಿಹ್ನೆಯಂತೆ, ನಿಂತ ಗೆರೆ ಮತ್ತು ಅಡ್ಡಗೆರೆಗಳು ಹೆಚ್ಚುಕಡಿಮೆ ಸಮವಾಗಿರುತ್ತದೆ. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ನಿಂತ ಗೆರೆಯು ಕೆಳಕ್ಕೆ ನೀಳವಾಗುತ್ತದೆ. ಕಾಲಕ್ರಮದಲ್ಲಿ ಅದರ ತುದಿ ಬಾಗುತ್ತದೆ. ಲಿಪಿಯ ಬೆಳವಣಿಗೆಯನ್ನು ಕಲಿಸುವಾಗ ನಾವು ವಿದ್ಯಾರ್ಥಿಗಳಿಗೆ ಮೊದಲು ತೋರಿಸುವುದೇ ಈ ಅಕ್ಷರವನ್ನು. ಇದಕ್ಕಿಂತ ಸುಲಭವಾದ ಉದಾಹರಣೆ ಮತ್ತೊಂದಿಲ್ಲ. ಈಗ 1366×768 ಅಳತೆಯ ಲ್ಯಾಪ್‌ಟಾಪಿನ ಅಗಲವಾದ ಚಿತ್ರವನ್ನು, ನಾಲ್ಕಕ್ಕೆ ಮೂರು ಪ್ರಮಾಣದ ಹಳೆಯ ಪ್ರೊಜೆಕ್ಟರು 'ಫುಲ್' ಎಂಬ ಆಯ್ಕೆಯಲ್ಲಿ ತನ್ನ 1024×768 ಚೌಕಟ್ಟಿನೊಳಕ್ಕೆ ಒತ್ತಿ ತುಂಬಿಸಿತೆನ್ನಿ. ಅಗಲವು ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ, ಎತ್ತರವು ಹಾಗೆಯೇ ಉಳಿಯುತ್ತದೆ. ಸಮವಾಗಿದ್ದ ಕಕಾರದ ನಿಂತ ಗೆರೆಯು ಅಡ್ಡಗೆರೆಗಿಂತ ಮೂರನೆಯ ಒಂದು ಭಾಗದಷ್ಟು ಉದ್ದವಾಗಿ ಕಾಣುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಕ್ಷರವು ತನಗಿಂತ ಕೆಲವು ಶತಮಾನ ಈಚಿನ ವೇಷವನ್ನು ಧರಿಸುತ್ತದೆ! ಇದಕ್ಕೆ ವಿರುದ್ಧವಾಗಿ, ಓಲೆ ತಲುಪದೆ 1024×768ರಲ್ಲಿ ಹೊರಟ ಚಿತ್ರವು ಅಗಲವಾದ ಟಿ.ವಿ.ಯ ಮೇಲೆ ಎಳೆಯಲ್ಪಟ್ಟರೆ, ಅದೇ ಅಕ್ಷರವು ಕುಳ್ಳಾಗಿ ಅಡ್ಡಕ್ಕೆ ಚಾಚಿಕೊಳ್ಳುತ್ತದೆ. ಒಂದೇ ಕಡತವು ಒಂದು ಕೋಣೆಯಲ್ಲಿ ನೀಳ, ಮತ್ತೊಂದು ಕೋಣೆಯಲ್ಲಿ ಕುಳ್ಳು. ಜಾಣನಾದ ವಿದ್ಯಾರ್ಥಿಯು "ಪುಸ್ತಕದಲ್ಲಿ ಸಮವೆಂದಿದೆ, ಇಲ್ಲಿ ಉದ್ದವಾಗಿದೆಯಲ್ಲಾ ಸರ್" ಎಂದರೆ ಅವನ ಕಣ್ಣು ಸರಿಯಾಗಿಯೇ ಇದೆ.

ಲ್ಯಾಪ್‌ಟಾಪಿನ ಚಿತ್ರವನ್ನೇ ಹೊರಪರದೆಯಲ್ಲಿಯೂ ಕಾಣಿಸುವ 'ಡುಪ್ಲಿಕೇಟ್' ಎಂಬ ವಿಧಾನದಲ್ಲಿ ಈ ದೋಷವು ಹೆಚ್ಚು. ಎರಡು ಪರದೆಗಳಿಗೂ ಒಂದೇ ಅಳತೆಯನ್ನು ಹೊಂದಿಸಬೇಕಾದುದರಿಂದ ಯಾವುದೋ ಒಂದು ಪರದೆಗೆ ಅಳತೆಯು ಒಗ್ಗದೆ ಹೋಗುತ್ತದೆ. ಆದ್ದರಿಂದ ಶಾಸನದ ಪಾಠಕ್ಕೆ 'ಎಕ್ಸ್‌ಟೆಂಡ್' ವಿಧಾನವೇ ಲೇಸು. ಅದರಲ್ಲಿ ಪ್ರತಿಯೊಂದು ಪರದೆಗೂ ಅದರದೇ ಸಹಜವಾದ ಅಳತೆಯನ್ನು ಕೊಡಬಹುದು. ಸೆಟ್ಟಿಂಗ್ಸಿನ ಡಿಸ್‌ಪ್ಲೇ ಭಾಗದಲ್ಲಿ 'ರೆಕಮೆಂಡೆಡ್' ಎಂದು ಬರೆದಿರುವುದೇ ಸಾಮಾನ್ಯವಾಗಿ ಆ ಅಳತೆ. ಪ್ರೊಜೆಕ್ಟರಿನ ಮೆನುವಿನಲ್ಲಿ ಚಿತ್ರದ ಪ್ರಮಾಣವನ್ನು 'ಆಟೋ' ಎಂದಿಡಬೇಕು. ಆಗ ಮೇಲೆ ಕೆಳಗೆ ಕಪ್ಪು ಪಟ್ಟಿಗಳು ಉಳಿಯಬಹುದು. ಅವನ್ನು ಕಂಡು ಪರದೆ ವ್ಯರ್ಥವಾಯಿತೆಂದು ಮರುಗಿ 'ಫುಲ್' ಒತ್ತುವವರೇ ಹೆಚ್ಚು. ಆ ಪಟ್ಟಿಗಳು ಪ್ರಾಮಾಣಿಕತೆಯ ಗುರುತುಗಳು, ಹಾಗೆಯೇ ಬಿಡಬೇಕು. ಎಕ್ಸ್‌ಟೆಂಡ್ ವಿಧಾನದ ಒಂದು ಅನಾನುಕೂಲವನ್ನೂ ಹೇಳಬೇಕು: ಕೇಬಲನ್ನು ಕಿತ್ತ ಮೇಲೆ ಕೆಲವೊಮ್ಮೆ ಚಿತ್ರದ ಕಿಟಕಿಯು ಇಲ್ಲದ ಪರದೆಯ ಮೇಲೆಯೇ ಉಳಿದು ಕಣ್ಮರೆಯಾಗುತ್ತದೆ. ಆ ಕಿಟಕಿಯನ್ನು ಆರಿಸಿಕೊಂಡು, ವಿಂಡೋಸ್ ಮತ್ತು ಶಿಫ್ಟ್ ಕೀಲಿಗಳೊಡನೆ ಎಡ ಅಥವಾ ಬಲ ಬಾಣವನ್ನು ಒತ್ತಿದರೆ ಅದು ಈಚೆಗೆ ಬರುತ್ತದೆ.

ಎರಡನೆಯ ದೋಷವು ಅಂಚನ್ನು ಕತ್ತರಿಸುವುದು. ಇದು ಟಿ.ವಿ.ಗಳಲ್ಲಿ ವಿಶೇಷ. ಗಾಜಿನ ಕೊಳವೆಯ ಹಳೆಯ ಟಿ.ವಿ.ಗಳಲ್ಲಿ ಚಿತ್ರದ ಅಂಚುಗಳು ಸೊಟ್ಟಾಗಿ ಅಲುಗುತ್ತಿದ್ದುದರಿಂದ, ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚುಗಳನ್ನು ಚೌಕಟ್ಟಿನ ಮರೆಗೆ ಸರಿಸುತ್ತಿದ್ದರು. ಕೊಳವೆ ಹೋಯಿತು, ಪದ್ಧತಿ ಉಳಿಯಿತು. ಗೋಡೆಗೆ ತಗುಲಿಸಿದ ಇಂದಿನ ಚಪ್ಪಟೆ ಟಿ.ವಿ.ಯೂ ಎಚ್.ಡಿ.ಎಂ.ಐ.ಯಲ್ಲಿ ಬಂದ ಚಿತ್ರವನ್ನು ಸಿನಿಮಾ ಎಂದೇ ತಿಳಿದು, ಎಷ್ಟೋ ವೇಳೆ ಸುತ್ತಲೂ ನೂರಕ್ಕೆ ಕೆಲವು ಭಾಗಗಳನ್ನು ಕತ್ತರಿಸಿಬಿಡುತ್ತದೆ. ಸಿನಿಮಾದಲ್ಲಿ ಇದರಿಂದ ನಷ್ಟವಿಲ್ಲ. ಆದರೆ ಮಸ್ಕಿಶಾಸನದಲ್ಲಿ ಇಡೀ ಶಾಸನಕ್ಕೆ ಜಗತ್ಪ್ರಸಿದ್ಧಿಯನ್ನು ತಂದ ಪದವಿರುವುದು ಮೊದಲನೆಯ ಸಾಲಿನಲ್ಲಿ. ಪಡಿಯಚ್ಚಿನ ಚಿತ್ರವನ್ನು ಪರದೆಯ ತುಂಬ ದೊಡ್ಡದಾಗಿ ತೋರಿಸುವ ಉತ್ಸಾಹದಲ್ಲಿ ಮೇಲಿನ ಅಂಚಿಗೆ ತಾಗಿಸಿ ಇಟ್ಟರೆ, ಟಿ.ವಿ.ಯು ಮೊದಲು ಕತ್ತರಿಸುವುದು ಅಶೋಕನ ಹೆಸರನ್ನೇ. ಉಳಿದ ಸಾಲುಗಳಿಂದ ನೋಡಿದರೆ ಮಸ್ಕಿಯು 1915ಕ್ಕೆ ಮೊದಲು ದೊರೆತ ಬಂಡೆಶಾಸನಗಳ ಸಾಲಿಗೆ ಸೇರಿದ ಇನ್ನೊಂದು ಶಾಸನವಾಗಿ ಉಳಿಯುತ್ತದೆ.

ಪರಿಹಾರವು ಟಿ.ವಿ.ಯ ಮೆನುವಿನಲ್ಲಿದೆ. ತಯಾರಕರಿಗೆ ತಕ್ಕಂತೆ 'ಸ್ಕ್ರೀನ್ ಫಿಟ್', 'ಜಸ್ಟ್ ಸ್ಕ್ಯಾನ್', 'ಒರಿಜಿನಲ್' ಎಂದು ಹೆಸರುಗಳು ಬೇರೆ. ಅರ್ಥ ಒಂದೇ, ಬಂದುದನ್ನು ಬಂದಂತೆ ತೋರು ಎಂದು. ಕೆಲವು ಟಿ.ವಿ.ಗಳಲ್ಲಿ ಆ ಇನ್‌ಪುಟ್‌ಗೆ 'ಪಿ.ಸಿ.' ಎಂದು ಹೆಸರು ಕೊಟ್ಟರೆ ಸಾಕು. ಕತ್ತರಿಸಿದೆಯೇ ಎಂದು ತಿಳಿಯುವ ಬಗೆಯೂ ಸುಲಭ: ವಿಂಡೋಸಿನ ಕೆಳಪಟ್ಟಿಯು ಪೂರ್ತಿಯಾಗಿ ಕಾಣದಿದ್ದರೆ ಅಷ್ಟೇ ಭಾಗವು ಮೇಲೆಯೂ ಹೋಗಿದೆಯೆಂದು ತಿಳಿಯಬೇಕು. ವಿ.ಜಿ.ಎ.ಯಲ್ಲಿ ಇದಕ್ಕೆ ಹೋಲುವ ಇನ್ನೊಂದು ದೋಷವಿದೆ. ಅಲ್ಲಿ ಚಿತ್ರವೇ ಎಡಕ್ಕೋ ಬಲಕ್ಕೋ ಸರಿದು ಸಾಲಿನ ಮೊದಲ ಅಕ್ಷರವು ಮರೆಯಾಗುತ್ತದೆ. ಮಾನಿಟರಿನ 'ಆಟೋ' ಗುಂಡಿಯನ್ನು ಒತ್ತಿದರೆ ತಾನಾಗಿ ಸ್ಥಳಕ್ಕೆ ಬರುತ್ತದೆ.

ಮೂರನೆಯದು ಬಹು ಸೂಕ್ಷ್ಮವಾದುದು, ಮತ್ತು ನಮ್ಮ ದೃಷ್ಟಿಯಲ್ಲಿ ಶಾಸನಪಾಠಕ್ಕೆ ಅತ್ಯಂತ ಘಾತಕವಾದುದು. ಕಂಪ್ಯೂಟರು ಕಪ್ಪಿನಿಂದ ಬಿಳಿಪಿನವರೆಗಿನ ಛಾಯೆಗಳನ್ನು 0ಯಿಂದ 255ರವರೆಗೆ ಎಣಿಸುತ್ತದೆ. ಟಿ.ವಿ.ಯ ಸಂಪ್ರದಾಯದಲ್ಲಿ ಕಪ್ಪು 16ಕ್ಕೂ ಬಿಳುಪು 235ಕ್ಕೂ ನಿಲ್ಲುತ್ತದೆ. ಎರಡೂ ಒಂದೇ ಎಣಿಕೆಗೆ ಒಪ್ಪಿದ್ದರೆ ಚಿಂತೆಯಿಲ್ಲ. ಲ್ಯಾಪ್‌ಟಾಪು ಪೂರ್ಣ ಎಣಿಕೆಯಲ್ಲಿ ಕಳುಹಿಸಿ ಟಿ.ವಿ.ಯು ತನ್ನ ಎಣಿಕೆಯಲ್ಲಿ ಓದಿದರೆ, 16ಕ್ಕಿಂತ ಕೆಳಗಿನ ಛಾಯೆಗಳೆಲ್ಲವೂ ಒಂದೇ ಕಪ್ಪಾಗಿಯೂ 235ಕ್ಕಿಂತ ಮೇಲಿನವೆಲ್ಲವೂ ಒಂದೇ ಬಿಳುಪಾಗಿಯೂ ಕರಗಿಹೋಗುತ್ತವೆ. ಇದಕ್ಕೆ ತಿರುಗುಮುರುಗಾದರೆ ಕಪ್ಪು ಬೂದಿಯಾಗಿ ಚಿತ್ರವೆಲ್ಲ ಮಬ್ಬಾಗುತ್ತದೆ. ಪಡಿಯಚ್ಚಿನ ಸ್ವರೂಪವನ್ನು ಇಲ್ಲಿ ನೆನೆಯಬೇಕು. ಕಪ್ಪು ನೆಲ, ಬಿಳಿಯ ಅಕ್ಷರ. ಬಿರುಕನ್ನು ಅಕ್ಷರದಿಂದ ಬೇರ್ಪಡಿಸುವುದು ಈ ಎರಡು ಕೊನೆಗಳ ಬಳಿಯಿರುವ ನಸುಛಾಯೆಗಳು. ಕರಗಿಹೋಗುವುದು ಸರಿಯಾಗಿ ಅವೇ. ವಿಚಿತ್ರವೆಂದರೆ ಹೀಗೆ ಕೆಟ್ಟ ಚಿತ್ರವು ನೋಡಲು ಹೆಚ್ಚು ಸ್ಫುಟವಾಗಿ, ಹೆಚ್ಚು ಅಂದವಾಗಿ ಕಾಣುತ್ತದೆ! ಅಕ್ಷರವೂ ಬಿರುಕೂ ಸಮಾನವಾಗಿ ಬೆಳಗುತ್ತವೆ. ಮಸ್ಕಿಯ ಬಂಡೆಯಲ್ಲಿ ಅಲ್ಲಲ್ಲಿ ಅಕ್ಷರಗಳು ಸವೆದಿರುವುದನ್ನು ಬಲ್ಲವರಿಗೆ ಇದರ ಅನರ್ಥವನ್ನು ವಿವರಿಸಬೇಕಾಗಿಲ್ಲ. ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ 'ಫುಲ್' ಮತ್ತು 'ಲಿಮಿಟೆಡ್' ಎಂಬ ಆಯ್ಕೆ ಇರುತ್ತದೆ, ಟಿ.ವಿ.ಯಲ್ಲಿ ಅದು 'ಬ್ಲ್ಯಾಕ್ ಲೆವೆಲ್' ಮುಂತಾದ ಹೆಸರಿನಲ್ಲಿದೆ. ಎರಡನ್ನೂ ಹೊಂದಿಸಬೇಕು. ಅಂಗಡಿಯಲ್ಲಿ ಗಿರಾಕಿಗಳನ್ನು ಸೆಳೆಯಲೆಂದು ಇಟ್ಟಿರುವ 'ವಿವಿಡ್', 'ಡೈನಮಿಕ್' ಎಂಬ ಚಿತ್ರವಿಧಾನಗಳನ್ನೂ 'ಶಾರ್ಪ್‌ನೆಸ್' ಎಂಬ ಕೃತಕ ಅಂಚುಗೆರೆಯನ್ನೂ ತಗ್ಗಿಸಬೇಕು.

ಕೇಬಲಿನ ದೋಷಗಳನ್ನು ಬೇಗನೆ ಹೇಳಿ ಮುಗಿಸಬಹುದು. ವಿ.ಜಿ.ಎ.ಯ ಮೊದಲ ಮೂರು ಪಿನ್ನುಗಳು ಕ್ರಮವಾಗಿ ಕೆಂಪು, ಹಸಿರು, ನೀಲಿಗಳನ್ನು ಸಾಗಿಸುತ್ತವೆ. ಬಿಳಿಯ ಕಾಗದವು ಹಳದಿಯಾಗಿ ತೋರಿದರೆ ನೀಲಿಯ ಪಿನ್ನು ತಾಗುತ್ತಿಲ್ಲವೆಂದೂ, ನಸುನೇರಳೆಯಾದರೆ ಹಸಿರಿನದೆಂದೂ ತಿಳಿಯಬೇಕು. ಉದ್ದವಾದ ವಿ.ಜಿ.ಎ. ಕೇಬಲಿನಲ್ಲಿ ಅಕ್ಷರದ ಪಕ್ಕದಲ್ಲಿ ಅದರ ನೆರಳಿನಂತಹ ಮರುಗೆರೆ ಮೂಡುವುದುಂಟು. ಇದನ್ನು ಉಳಿಯ ಎರಡನೆಯ ಏಟೆಂದು ಭಾವಿಸಬಾರದು. ಅಡ್ಡವಾದ ಮಸುಕು ಪಟ್ಟಿಗಳು ಪರದೆಯ ಮೇಲೆ ಏರುತ್ತ ಇಳಿಯುತ್ತ ಇದ್ದರೆ ತಪ್ಪು ಹೆಚ್ಚಾಗಿ ಕಟ್ಟಡದ ಅರ್ಥಿಂಗಿನಲ್ಲಿದೆ. ಲ್ಯಾಪ್‌ಟಾಪಿನ ಚಾರ್ಜರನ್ನು ತೆಗೆದು ಬ್ಯಾಟರಿಯ ಮೇಲೆ ನಡೆಸಿದಾಗ ಪಟ್ಟಿಗಳು ಮಾಯವಾದರೆ ಈ ನಿರ್ಣಯವು ಸ್ಥಿರಪಡುತ್ತದೆ. ಕರೆಂಟಿನ ವಿಷಯದಲ್ಲಿ ನಮ್ಮ ಸೀಮೆಯವರು ಎಚ್ಚರ ತಪ್ಪುವಂತಿಲ್ಲ. ಅರ್ಥಿಂಗ್ ಸರಿಯಿಲ್ಲದ ಕಡೆ ಎರಡೂ ಯಂತ್ರಗಳು ಚಾಲೂ ಇರುವಾಗ ಎಚ್.ಡಿ.ಎಂ.ಐ. ಕೇಬಲನ್ನು ಚುಚ್ಚಿದರೆ ಸಾಕೆಟೇ ಸುಡಬಹುದು. ಮೊದಲು ಕೇಬಲ್, ಆಮೇಲೆ ಸ್ವಿಚ್ಚು ಎಂಬ ಕ್ರಮವು ಲೇಸು.

ಪ್ರೊಜೆಕ್ಟರನ್ನು ಮೇಜಿನ ಮೇಲಿಟ್ಟು ಮೂತಿಯನ್ನು ಮೇಲೆತ್ತಿದಾಗ ಚಿತ್ರದ ಮೇಲ್ಭಾಗವು ಅಗಲವಾಗಿಯೂ ಕೆಳಭಾಗವು ಕಿರಿದಾಗಿಯೂ ಬೀಳುತ್ತದೆ. 'ಕೀಸ್ಟೋನ್' ಎಂಬ ಗುಂಡಿಯಿಂದ ಇದನ್ನು ನೇರಗೊಳಿಸಬಹುದಾದರೂ, ಆಗ ಯಂತ್ರವು ಚುಕ್ಕೆಗಳನ್ನು ಹಿಂಡಿ ಮರುಜೋಡಿಸುವುದರಿಂದ ಸಣ್ಣ ಗೆರೆಗಳು ಮಸುಕಾಗುತ್ತವೆ. ನಾಲ್ಕು ಪುಸ್ತಕಗಳನ್ನು ಅಡಿಗಿಟ್ಟು ಪ್ರೊಜೆಕ್ಟರನ್ನೇ ಎತ್ತರಿಸುವುದು ಉತ್ತಮ.

ಇಷ್ಟೆಲ್ಲ ಪರೀಕ್ಷೆಗೆ ತರಗತಿಯ ಒಂದು ಗಂಟೆಯಲ್ಲಿ ಅವಕಾಶವೆಲ್ಲಿ ಎಂಬ ಆಕ್ಷೇಪವು ನ್ಯಾಯವಾದುದೇ. ಇದಕ್ಕಾಗಿ ನಾವು ಅನುಸರಿಸುವ ಉಪಾಯವು ಹೀಗಿದೆ. ಪುರಾತತ್ತ್ವದ ಛಾಯಾಚಿತ್ರಗಳಲ್ಲಿ ವಸ್ತುವಿನ ಪಕ್ಕದಲ್ಲಿ ಅಳತೆಗೋಲನ್ನು ಇಡುವುದು ವಾಡಿಕೆ. ಅದನ್ನೇ ಸ್ವಲ್ಪ ವಿಸ್ತರಿಸಿ, ಶಾಸನದ ಚಿತ್ರದ ಕಡತದಲ್ಲಿಯೇ ಸಮಾನ ಉದ್ದದ ಒಂದು ಅಡ್ಡಗೋಲನ್ನೂ ಒಂದು ನಿಂತ ಗೋಲನ್ನೂ, ನಾಲ್ಕು ಮೂಲೆಗಳಲ್ಲಿ ನಾಲ್ಕು ಬಾಣಗಳನ್ನೂ, ಬದಿಯಲ್ಲಿ ಕಡುಗಪ್ಪಿನಿಂದ ಬಿಳಿಪಿನವರೆಗೆ ಮೆಟ್ಟಿಲುಮೆಟ್ಟಿಲಾದ ಒಂದು ಛಾಯಾಪಟ್ಟಿಯನ್ನೂ ಸೇರಿಸುತ್ತೇವೆ. ಪರದೆಯ ಮೇಲೆ ಒಂದು ದಾರವನ್ನು ಹಿಡಿದು ಎರಡು ಗೋಲುಗಳನ್ನೂ ಅಳೆದರೆ ಎಳೆತವು ತಿಳಿಯುತ್ತದೆ. ಬಾಣಗಳ ತುದಿ ಕಂಡರೆ ಅಂಚು ಉಳಿದಿದೆ. ಮೆಟ್ಟಿಲುಗಳನ್ನು ಎಣಿಸಿದರೆ ಛಾಯೆಗಳ ಲೆಕ್ಕ ಸಿಗುತ್ತದೆ. ಒಂದು ನಿಮಿಷದ ಕೆಲಸ. ದಾರ ಹಿಡಿಯಲು ವಿದ್ಯಾರ್ಥಿಯನ್ನೇ ಕರೆಯಬೇಕು.

ಮುದ್ರಿತ ಪಾಠವಿರುವಾಗ ಪರದೆಯ ಚಿತ್ರವು ಬರಿಯ ಅಲಂಕಾರ, ಅದು ತುಸು ಸೊಟ್ಟಾದರೇನು ಎಂದು ಹೇಳುವ ಸಹೋದ್ಯೋಗಿಗಳೂ ಇದ್ದಾರೆ. ನಾವು ಇದನ್ನು ಒಪ್ಪಲಾರೆವು. 1925ರ ಹುಲ್ಷ್ ಅವರ ಸಂಪುಟದಲ್ಲಿ ಮಸ್ಕಿಯ ಪಾಠವು ಮುದ್ರಿತವಾಗಿದೆ, ನಿಜ; ಆದರೆ ಅವರೂ ಪಾಠದೊಡನೆ ಪಡಿಯಚ್ಚಿನ ಚಿತ್ರವನ್ನು ಕೊಟ್ಟದ್ದು ಓದುಗನು ತಾನೇ ನೋಡಿ ಒಪ್ಪಲಿ ಅಥವಾ ಒಪ್ಪದಿರಲಿ ಎಂದು. ಹೆಸರೇ ಕಾಣದ ಚಿತ್ರವನ್ನು ತೋರಿಸಿ, ಹೆಸರು ಅಲ್ಲಿದೆ, ಪುಸ್ತಕವನ್ನು ನಂಬಿ ಎಂದು ಹೇಳಿದರೆ ಬಂಡೆಯ ಸಾಕ್ಷ್ಯವನ್ನು ಕಲಿಸಿದಂತಾಗುವುದಿಲ್ಲ. ಸಿಂಧನೂರಿನಲ್ಲಾಗಲಿ ಲಿಂಗಸುಗೂರಿನಲ್ಲಾಗಲಿ ಪದವಿ ತರಗತಿಯಲ್ಲಿ ಕುಳಿತ ಹುಡುಗಿಯು ಬ್ರಾಹ್ಮಿಯ ನಾಲ್ಕು ಅಕ್ಷರಗಳನ್ನು ಜೀವಮಾನದಲ್ಲಿ ಒಮ್ಮೆ ಮಾತ್ರ ಓದಿಯಾಳು. ಆ ಒಮ್ಮೆ ಅವಳು ಓದುವುದು ಕಲ್ಲಿನಲ್ಲಿದ್ದುದೇ ಆಗಿರಬೇಕು.

ಕೊನೆಯದಾಗಿ, ತಿರುಗಿದ ಚಿತ್ರದ ವಿಷಯ. ಪರದೆಯ ಹಿಂದಿನಿಂದ ಬೆಳಕು ಬಿಡುವ ಸಂದರ್ಭಕ್ಕೆಂದು ಪ್ರೊಜೆಕ್ಟರುಗಳಲ್ಲಿ '(ರಿಯರ್)' ಎಂಬ ಆಯ್ಕೆ ಇರುತ್ತದೆ. ಯಾರಾದರೂ ರಿಮೋಟಿನಲ್ಲಿ ಅದನ್ನು ಒತ್ತಿದ್ದರೆ ಚಿತ್ರವು ಕನ್ನಡಿಯಲ್ಲಿ ಕಂಡಂತೆ ಎಡಬಲಗಳು ಅದಲುಬದಲಾಗಿ ಬೀಳುತ್ತದೆ. ಕನ್ನಡದ ಬರಹವಾದರೆ ತಕ್ಷಣ ನಗೆ ಏಳುತ್ತದೆ. ಬ್ರಾಹ್ಮಿಯ ಬರಹವಾದರೆ ಅದನ್ನು ಮೊದಲ ಸಲ ಕಾಣುತ್ತಿರುವ ತರಗತಿಯಲ್ಲಿ ಯಾರೂ ನಗುವುದಿಲ್ಲ. ಕಕಾರವು ಎಡಬಲ ಸಮವಾದುದರಿಂದ ಅದು ಸುಳಿವು ಕೊಡದು. ಆದರೆ 'ಅಸೋಕಸ' ಪದದ ಮೊದಲ ಅಕ್ಷರವಾದ ಅಕಾರದ ಎರಡು ಕೈಗಳು ಅಶೋಕನ ಲಿಪಿಯಲ್ಲಿ ಎಡಕ್ಕೆ ಚಾಚಿರುತ್ತವೆ, ತಿರುಗಿದ ಚಿತ್ರದಲ್ಲಿ ಬಲಕ್ಕೆ ಚಾಚುತ್ತವೆ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಅಶೋಕಶಾಸನದಲ್ಲಿ ಕೆಲವು ಸಾಲುಗಳು ನಿಜವಾಗಿಯೂ ಬಲದಿಂದ ಎಡಕ್ಕೆ ಸಾಗುತ್ತವೆಂಬುದನ್ನು ಓದಿಕೊಂಡ ವಿದ್ಯಾರ್ಥಿಯು ಮಸ್ಕಿಯೂ ಹಾಗೆಯೇ ಇರಬಹುದೆಂದು ಭಾವಿಸಿದರೆ ಅವನನ್ನು ದೂರುವಂತಿಲ್ಲ. ಆದಕಾರಣ ಶಾಸನದ ಚಿತ್ರದ ಕೆಳಗೆ, ಅದೇ ಕಡತದಲ್ಲಿ, 'ಮಸ್ಕಿ' ಎಂಬ ಎರಡಕ್ಷರವನ್ನು ಕನ್ನಡದಲ್ಲಿ ಬರೆದಿಡುವುದು ಒಳ್ಳೆಯದು. ಅದು ತಿರುಗಿ ಕಂಡರೆ ಪ್ರೊಜೆಕ್ಟರಿನ ಮೆನುವಿನಲ್ಲಿ 'ರಿಯರ್' ಇದ್ದುದನ್ನು 'ಫ್ರಂಟ್' ಎಂದು ಮಾಡಬೇಕು. ತಲೆಕೆಳಗಾಗಿಯೂ ಕಂಡರೆ 'ಸೀಲಿಂಗ್' ಎಂಬುದನ್ನು 'ಟೇಬಲ್' ಎಂದು ಮಾಡಬೇಕು.